ವೃಷಭಾವತಿ ಕಚೇರಿಯಲ್ಲಿ ಹುದ್ದೆಗಳು ಖಾಲಿ

ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ಬಂತೆಂದು ಕಂಡಕ್ಟರಿಗಿಂತ ಮೊದಲು ಮೂಗು ಹೇಳುತ್ತದೆ. ಪಕ್ಕದ ಸೀಟಿನ ಹಿರಿಯರು ಕಿಟಕಿ ಗಾಜು ಎಳೆದು, "ಥೂ, ಮೋರಿ" ಅಂದರು.

"ಮೋರಿ ಅಲ್ಲ ಸಾರ್, ನದಿ. ವೃಷಭಾವತಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಾಜನ್ನು ಇನ್ನೂ ಬಿಗಿಯಾಗಿ ಒತ್ತಿದರು.

ಅವರದೇನೂ ತಪ್ಪಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದವಳೆಂದು ಹೆಸರು ಹೊತ್ತವಳು ಕಡತದಲ್ಲಿ ಬರೀ ರಾಜಕಾಲುವೆ. ನದಿ ಅಂದರೆ ಕಾಪಾಡುವ ತಲೆನೋವು. ಕಾಲುವೆ ಅಂದರೆ ಎರಡೂ ಬದಿ ಕಾಂಕ್ರೀಟ್ ಗೋಡೆ ಎಬ್ಬಿಸಿ ಬಿಲ್ ಬರೆಯಬಹುದು.

ಹಾಗೆ ನೋಡಿದರೆ ನದಿಯೂ ಒಂದು ಕಚೇರಿಯೇ. ನೀರಿಗೆ ಹೊಂಗೆ ಎಲೆಯೊಂದು ಬಿತ್ತೆನ್ನಿ. ಮೊದಲು ಬೂಸ್ಟು ಹತ್ತಿ ಅದನ್ನು ಮೆತ್ತಗೆ ಮಾಡಬೇಕು. ಆಮೇಲೆ ಹುಳುಗಳು ಹರಿದು ಮೇಯಬೇಕು. ಅವು ಬಿಟ್ಟ ಚೂರನ್ನು ಕೆಳಗಿನವು ಸೋಸಿ ತಿನ್ನಬೇಕು, ಅವನ್ನು ಮೀನು ನುಂಗಬೇಕು. ಟೇಬಲ್ಲಿಂದ ಟೇಬಲ್ಲಿಗೆ ಕಡತ ಹೋಗುವ ಹಾಗೆ. ಕೈ ಬೆಚ್ಚಗೆ ಮಾಡದೆಯೂ ಇಲ್ಲಿ ಕೆಲಸ ಆಗುತ್ತಿತ್ತು. ಬಹುಶಃ ಅದಕ್ಕೇ ಈ ಇಲಾಖೆ ನಮ್ಮವರಿಗೆ ಅರ್ಥವಾಗಲಿಲ್ಲ.

ಈಗ ಹಾಜರಿ ಪುಸ್ತಕ ತೆರೆಯಿರಿ. ಮೇಫ್ಲೈ ಎಂಬ ನೀರುಕೀಟದ ಮರಿಗಳು ಗೈರು. ಮರಳಿನ ಕಣ ಅಂಟಿಸಿ ಮೈಮೇಲೆ ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳು ಗೈರು. ಮೀನಿಗೆ ವರ್ಗಾವಣೆ ಕೇಳುವಷ್ಟೂ ಪುರಸೊತ್ತು ಸಿಗಲಿಲ್ಲ. ಇಂಥ ನೀರಲ್ಲಿ ಪಟ್ಟು ಹಿಡಿದು ಕೂರುವುದು ಕೆಸರಿನ ಕೆಂಪು ಹುಳು. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಚೂರು ಆಮ್ಲಜನಕದಲ್ಲೇ ಸಂಸಾರ ತೂಗಿಸುತ್ತದೆ. ಎಲ್ಲ ಟೇಬಲ್ಲಿಗೂ ಅದೇ ಇನ್‌ಚಾರ್ಜ್.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಿಗೆ 'ಎ'ಯಿಂದ 'ಇ'ವರೆಗೆ ದರ್ಜೆ ಇಟ್ಟಿದೆ. ಮೀನು ಬದುಕುವ 'ಡಿ' ದರ್ಜೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. 'ಇ' ದರ್ಜೆಯಲ್ಲಿ ಆಮ್ಲಜನಕದ ಸುದ್ದಿಯೇ ಇಲ್ಲ. ಉಸಿರಾಡುವವರು ಇದ್ದರಲ್ಲವೇ ಕೇಳುವುದು! ಅದರಲ್ಲೂ ಫೇಲಾದರೆ ಮುಂದಿನ ಅಕ್ಷರ ಯಾವುದೆಂದು ಯಾರೂ ಬರೆದಿಟ್ಟಿಲ್ಲ.

ಪಕ್ಕದ ಕಣಿವೆಯವರದು ಇನ್ನೂ ಚುರುಕು. ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಬಲೆ ಕಟ್ಟಿದರು, ನೊರೆಯೇನೋ ಕೋಳಿಯೆಂಬಂತೆ. 2015ರಲ್ಲಿ ಯಮಲೂರಿನ ಬಳಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಹಚ್ಚುವುದು ಹಿಂದೆ ಮಂತ್ರವಾದಿಗಳ ಕೆಲಸವಾಗಿತ್ತು, ನಮ್ಮಲ್ಲಿ ಚರಂಡಿ ನೀರು ಸಾಕು.

ಲೆಕ್ಕದ ಸೊಗಸು ಇರುವುದು ಮುಂದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಮೇಲಕ್ಕೆ ಕಾವೇರಿಯನ್ನು ಪಂಪು ಮಾಡಿ ತರುತ್ತೇವೆ. ಪಾತ್ರೆ ತೊಳೆದು, ಫ್ಲಶ್ ಮಾಡಿ, ಪೀಣ್ಯದ ಕಾರ್ಖಾನೆಗಳ ಒಗ್ಗರಣೆಯನ್ನೂ ಸೇರಿಸಿ ವೃಷಭಾವತಿಗೆ ಬಿಡುತ್ತೇವೆ. ಅದು ಬೈರಮಂಗಲ ಕೆರೆಗೆ ಬಿದ್ದು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿ. ಅಲ್ಲಿಂದ ಕೆಳಗೆ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಕೊಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಳತೆಕೋಲಿಗೆ ಮೂಗಿಲ್ಲ. ಒಂದೊಂದು ಹನಿಗೂ ಬಂದ್ ಮಾಡುವ ನಾವು ಈ ನೀರನ್ನು ಮಾತ್ರ ಕರ್ಣನ ಕೈಯಲ್ಲಿ ಕೊಡುತ್ತೇವೆ.

ಕೆಂಗೇರಿ ಬಂತು. ಹಿರಿಯರು ಬಾಟಲಿಯಲ್ಲಿ ಉಳಿದಿದ್ದ ಕಾವೇರಿಯನ್ನು ಗಟಗಟ ಮುಗಿಸಿ ಖಾಲಿ ಬಾಟಲಿಯನ್ನು ಹೊರಗೆಸೆದರು. ಅಷ್ಟಕ್ಕಾಗಿ ಗಾಜು ತೆರೆಯಲೇಬೇಕಾಯಿತು.