ಫರ್ಸಿ ಹಾಸಿದ ಓಮ್ನಿ

ನಮ್ಮ ಕಾಕಾಗೆ ಖಾಲಿ ಜಾಗ ಕಂಡರೆ ಆಗದು. ಅಂಗಳದ ಮೂಲೆ ಖಾಲಿ ಇದ್ದರೆ ಅಲ್ಲಿ ಕುಳ್ಳಿನ ಬಣವಿ, ಗೋಡೆ ಖಾಲಿ ಇದ್ದರೆ ನಾಲ್ಕು ಮೊಳೆ. ಇಂಥವರ ಕೈಗೆ ಒಂದು ಹಳೇ ಓಮ್ನಿ ಸಿಕ್ಕಿತು.

1984ರಲ್ಲಿ ಮಾರುತಿ ವ್ಯಾನ್ ಅಂತ ಹುಟ್ಟಿ, 1988ರಲ್ಲಿ ಓಮ್ನಿ ಅಂತ ಹೆಸರು ಬದಲಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತ ಗಾಡಿ. ನಡುವೆ ಅದು ಮಾಡದ ಉದ್ಯೋಗವಿಲ್ಲ. ಸಾಲಿ ಮಕ್ಕಳನ್ನು ಹೊತ್ತಿತು, ಆಂಬುಲೆನ್ಸ್ ಆಯಿತು, ಸಿನಿಮಾದಲ್ಲಿ ಹೀರೋಯಿನ್‌ಗಳನ್ನು ಎತ್ತಿಕೊಂಡು ಹೋಯಿತು. ಆದರೆ ನಮ್ಮ ಕಾಕಾನಷ್ಟು ಅದನ್ನು ಯಾವ ವಿಲನ್ನೂ ಗೋಳು ಹೊಯ್ದುಕೊಂಡಿಲ್ಲ.

ಇದಕ್ಕೆಲ್ಲ ಮೂಲ ಮೊಬೈಲು. 1950ರಲ್ಲಿ ಶುರುವಾದ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಜರ್ಮನಿಯವರು ಹಾಸಿಗೆ, ಒಲೆ, ಕಪಾಟು ಜೋಡಿಸಿಕೊಂಡು ಊರೂರು ತಿರುಗುತ್ತಿದ್ದರು. ವೆಸ್ಟ್‌ಫಾಲಿಯಾ ಅನ್ನೋ ಕಂಪನಿಯಂತೂ ಇದನ್ನೇ ಧಂದೆ ಮಾಡಿಕೊಂಡಿತ್ತು. ಕಾಕಾ ಆ ವಿಡಿಯೋ ನೋಡಿದ. “ಅವರು ಮಾಡ್ಯಾರಂದ್ರ ನಮಗೇನಾಗ್ಯಾದ?” ಅಂದ. ಆಗಿದ್ದು ಇಷ್ಟೇ: ಆ ವ್ಯಾನಿನ ಎಂಜಿನ್ ಹಿಂದುಗಡೆ, ಓಮ್ನಿಯದು ಮುಂದೆ ಕೂತವರ ಕುಂಡಿ ಕೆಳಗೆ. ಕಲಬುರಗಿಯ ಮೇ ತಿಂಗಳಲ್ಲಿ ಮೇಲಿಂದ 42 ಡಿಗ್ರಿ ಬಿಸಿಲು, ಕೆಳಗಿಂದ 796 ಸಿಸಿ. ಬೀದರಿಗೆ ಹೋಗಿ ಇಳಿದವರು ಮೊದಲು ಕೇಳುವುದು ನೀರಲ್ಲ, ನಿಂತುಕೊಳ್ಳಲು ಜಾಗ.

ಕಾಕಾ ಈ ಕಾವನ್ನೂ ದಂಡ ಮಾಡಲಿಲ್ಲ. ರೊಟ್ಟಿ ಬಿಸಿಯಾಗಿರಲಿ ಅಂತ ಸೀಟು ಎತ್ತಿ, ಎಂಜಿನ್ ಪಕ್ಕದ ಸಂದಿಯಲ್ಲಿ ಬುತ್ತಿ ಗಂಟು ಇಟ್ಟ. ಕಲಬುರಗಿಯಲ್ಲಿ ಬೆಣ್ಣೆಯಂತಿದ್ದ ರೊಟ್ಟಿ ಹುಮ್ನಾಬಾದ್ ಬರುವಷ್ಟರಲ್ಲಿ ಖಡಕ್ ಆಗಿತ್ತು. ಅದೂ ನಡೆಯುತ್ತಿತ್ತು, ಶೇಂಗಾ ಹಿಂಡಿ ಇತ್ತಲ್ಲ. ಆದರೆ ಗಂಟು ಬಿಚ್ಚಿದ ಕಾಕು ಮೂಗು ಮುಚ್ಚಿಕೊಂಡಳು. “ಏನ್ರೀ, ರೊಟ್ಟಿಗಿ ಪೆಟ್ರೋಲ್ ವಗ್ಗರಣಿ ಹಾಕೀರೇನು?”

ಆಮೇಲೆ ಹಿಂದಿನ ಸೀಟುಗಳು ಕಿತ್ತು ಮನೆಯ ಕಟ್ಟೆ ಸೇರಿದವು. ಈಗಲೂ ಓಣಿಯ ಹಿರಿಯರು ಅವುಗಳ ಮೇಲೆ ಕುಂತು ಸರಕಾರ ಬೀಳಿಸುತ್ತಾರೆ. ಇತ್ತ ಖಾಲಿಯಾದ ಗಾಡಿಯಲ್ಲಿ ತಗಡು ಗಡಗಡ ಅನ್ನತೊಡಗಿತು, ಕೈ ಇಟ್ಟರೆ ಸುಡುತ್ತಿತ್ತು. ಸದ್ದಿಗೂ ಕಾವಿಗೂ ಕಾಕಾ ಒಂದೇ ಮದ್ದು ಹುಡುಕಿದ: ಶಹಾಬಾದ್ ಫರ್ಸಿ, ಅದೇ ಮನೆ ನೆಲಕ್ಕೆ ಹಾಸುವ ಕಲ್ಲು. “ಮನ್ಯಾಗ ತಂಪಿರ್ತದಲ್ಲ, ಗಾಡ್ಯಾಗ ಯಾಕ ಇರಲ್ಲ?” ಇದಕ್ಕೆ ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ.

ಗೌಂಡಿ ಬಂದ, ಉಸುಕು ಸಿಮೆಂಟು ಕಲಸಿದ, ಓಮ್ನಿಯೊಳಗೆ ಕುಕ್ಕುರುಗಾಲಲ್ಲಿ ಕುಂತು ಥಾಪಿಯಿಂದ ಮಟ್ಟ ಮಾಡಿ, ದಾರ ಹಿಡಿದು ಫರ್ಸಿ ಕೂಡಿಸಿದ. ಬಾಗಿಲ ಕಡೆ ನೀರು ಹೋಗಲು ಇಳಿಜಾರು ಕೊಡಲೇನ್ರಿ ಅಂತಲೂ ಕೇಳಿದ. ಒಂದಿಂಚು ದಪ್ಪದ ಫರ್ಸಿ ಚದರಡಿಗೆ 6 ಕೆಜಿ ಮೀರುತ್ತದೆ. 25 ಚದರಡಿಗೆ ಒಂದೂವರೆ ಕ್ವಿಂಟಲ್, ಉಸುಕು ಸಿಮೆಂಟು ಬೇರೆ. ಗಾಡಿಯ ಹಿಂಭಾಗ ನೆಲ ಹಿಡಿಯಿತು, ಮೂತಿ ಮೇಲೆದ್ದಿತು. ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಬೇವಿನ ಮರದ ತುದಿ ತೋರಿಸುತ್ತಿತ್ತು. ಗ್ಯಾರೇಜಿನ ಉಸ್ತಾದ್ ತಲೆ ಕೆರೆದುಕೊಂಡು ಹಿಂದೆ ಗಾಡಿಯ ಭಾರ ಹೊರುವ ಸ್ಪ್ರಿಂಗಿಗೆ ಹೆಚ್ಚುವರಿ ಕಮಾನ್‌ಪಟ್ಟಿ ಹಾಕಿಕೊಟ್ಟ. ಮಟ್ಟ ಸರಿಹೋಯಿತು.

ಅಮಾವಾಸ್ಯೆಗೆ ಗಾಣಗಾಪುರದ ದತ್ತಾತ್ರೇಯನ ಗುಡಿಗೆ ಹೊರಟೆವು. ಪಾಲಿಶ್ ಫರ್ಸಿಯ ಮೇಲೆ ಗಾದಿ, ಗಾದಿಯ ಮೇಲೆ ನಮ್ಮ ಸೋದರತ್ತೆ, ಅತ್ತೆಯ ತೊಡೆಯ ಮೇಲೆ ಹೋಳಿಗೆ ಡಬ್ಬಿ. ನಾಯಿ ಅಡ್ಡ ಬಂತು, ಕಾಕಾ ಬ್ರೇಕ್ ತುಳಿದ. ಗಾಡಿ ನಿಂತಿತು, ಗಾದಿ ನಿಲ್ಲಲಿಲ್ಲ. ಅತ್ತೆ, ಗಾದಿ, ಡಬ್ಬಿ ಮೂರೂ ಜಾರಿಕೊಂಡು ಬಂದು ಮುಂದಿನ ಸೀಟಿನ ಬೆನ್ನಿಗೆ ಬಡಿದವು. ಹೋಳಿಗೆ ಒಂದು ಕಾಕಾನ ಹೆಗಲ ಮೇಲೆ ಬಂದು ಕುಂತಿತು. “ಯಪ್ಪಾ, ದತ್ತಪ್ಪ ಇಲ್ಲೇ ಕಂಡ, ಇನ್ನ ಗುಡಿಗ್ಯಾಕ? ವಾಪಸ್ ನಡಿ” ಅಂದಳು ಅತ್ತೆ. ಕಾಕಾ ಹೆಗಲ ಮೇಲಿದ್ದುದನ್ನು ತಿಂದು ಗೇರ್ ಹಾಕಿದ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಅಂತ ಒಂದಿದೆ. ಕಂಪನಿ ಮಾಡಿಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನುತ್ತದೆ. ನಾನು ಅದನ್ನು ಓದಿ ಹೇಳಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, “ಫರ್ಸಿ ಅಂತ ಬರ್ದಾರೇನು ಅದರಾಗ?” ಅಂದ. ಒಮ್ಮೆ ತಡೆದ ಪೊಲೀಸಿನವನು ಬಾಗಿಲು ಸರಿಸಿ ನೋಡಿ, ಬೂಟು ಬಿಟ್ಟು ಒಳಗೆ ಬರಬೇಕೋ ಹಾಗೇ ಬರಬೇಕೋ ತಿಳಿಯದೆ ಒಂದು ಗಳಿಗೆ ನಿಂತ. ಆಮೇಲೆ ದಂಡದ ರಸೀತಿ ಹರಿದ.

ಕೊನೆಗೆ ಮಾರುವುದೆಂದಾಯಿತು. ಆಳಂದದ ಕಡೆಯವನೊಬ್ಬ ಬಂದ, ಸುತ್ತ ತಿರುಗಿದ, ಟೈರು ಒದ್ದ, ಒಳಗೆ ಬಗ್ಗಿ ಫರ್ಸಿಯ ಮೇಲೆ ಕೈಯಾಡಿಸಿದ.

“ಕಾಕಾರ, ಗಾಡಿ ಬ್ಯಾಡ್ರಿ. ಮಾಲ್ ಚಲೋ ಅದ, ಫರ್ಸಿ ಅಷ್ಟೇ ಕೊಡ್ತೀರೇನು?”

“ಕೊಡಲಾಕ ಬರಂಗಿಲ್ಲೋ ತಮ್ಮಾ,” ಅಂದ ಕಾಕಾ, “ಹಿಂದ ಪಟ್ಟಿ ಜಾಸ್ತಿ ಹಾಕ್ಸೀನಿ. ಫರ್ಸಿ ತೆಗದ್ರ ಗಾಡಿ ಹಾರ್ತದ.”