ಕೊಸರು ಕೊಟ್ಟು ವಾಪಸ್ ಕೇಳುವ ಲೀಗು

ಬೆಲ್ಜಿಯಂ ಫುಟ್‌ಬಾಲ್ ಲೀಗಿನವರು ಪಾಯಿಂಟ್ ಅರ್ಧ ಮಾಡುವುದನ್ನು ಬಿಡುತ್ತಾರಂತೆ. 2026-27ರಿಂದ 18 ತಂಡ, 34 ಪಂದ್ಯ, ಜಾಸ್ತಿ ಪಾಯಿಂಟ್ ತಗೊಂಡವರೇ ಚಾಂಪಿಯನ್. ಇದಕ್ಕೆ ಸುಧಾರಣೆ ಅಂತ ಹೆಸರು. ಓಣಿಯಲ್ಲಿ ಗೋಲಿ ಆಡುವ ಹುಡುಗರಿಗೂ ಗೊತ್ತಿರುವ ಈ ನಿಯಮ ಬ್ರಸೆಲ್ಸ್‌ನ ಮೀಟಿಂಗ್ ಟೇಬಲ್‌ಗೆ ಬರೋಕೆ 17 ಸೀಸನ್ ಹಿಡಿಯಿತು. ಚಪ್ಪಾಳೆ ತಟ್ಟೋಣ, ಅದರಲ್ಲೇನು.

ಇಷ್ಟು ದಿನದ ಪದ್ಧತಿ ಹೀಗೆ. 30 ಪಂದ್ಯ ಆಗುತ್ತದೆ. ಆಗಸ್ಟ್‌ನ ಬಿಸಿಲು, ನವೆಂಬರ್‌ನ ಮಳೆ, ಜನವರಿಯ ಚಳಿ ಎಲ್ಲ ಮುಗಿದು ಮಾರ್ಚ್ ಬರುತ್ತದೆ. ಆಗ ಲೀಗಿನವರು ಬಂದು, ತುಂಬಾ ಚೆನ್ನಾಗಿ ಆಡಿದಿರಿ, ನಿಮ್ಮ ಪಾಯಿಂಟ್‌ನಲ್ಲಿ ಅರ್ಧ ಇಲ್ಲಿಡಿ ಅನ್ನುತ್ತಾರೆ. ಆಮೇಲೆ ಮೇಲಿನ 6 ತಂಡ ಸೇರಿ ಪ್ಲೇಆಫ್ ಅಂತ ಇನ್ನೊಂದು 10 ಪಂದ್ಯ ಆಡಬೇಕು, ಉಳಿದ ಅರ್ಧಕ್ಕೆ ಅದರ ಪಾಯಿಂಟ್ ಕೂಡಿಸಿದಾಗ ಮುಂದಿರುವವರೇ ಚಾಂಪಿಯನ್. ಡಕ್ವರ್ತ್-ಲೂಯಿಸ್‌ಗೆ ಮಳೆಯಾದರೂ ಬೇಕು. ಬೆಲ್ಜಿಯಂನಲ್ಲಿ ಮಳೆಗೇನೂ ಬರವಿಲ್ಲ, ಆದರೆ ಇದಕ್ಕೆ ಅದೂ ಬೇಡ.

ಅರ್ಧ ಮಾಡಬೇಕಾದ ಸಂಖ್ಯೆ ಬೆಸ ಆಗಿದ್ದರೆ? ಅಲ್ಲಿ ಲೀಗಿನವರ ಧಾರಾಳ ನೋಡಬೇಕು. 49ರಲ್ಲಿ ಅರ್ಧ ಇಪ್ಪತ್ನಾಲ್ಕೂವರೆ ಆದರೆ 25 ಅಂತ ಬರೆದುಕೊಡುತ್ತಾರೆ. ತರಕಾರಿಯವಳು ತೂಕ ಮಾಡಿದ ಮೇಲೆ ಎರಡು ಮೆಣಸಿನಕಾಯಿ ಹಾಕುತ್ತಾಳಲ್ಲ, ಹಾಗೆ. ಕೊಸರು. ಆದರೆ ಕೊನೆಗೆ ಎರಡು ತಂಡ ಸಮ ಆಯಿತು ಅಂದುಕೊಳ್ಳಿ. ಕೊಸರು ತಗೊಂಡವನು ಹಿಂದೆ, ತಗೊಳ್ಳದವನು ಮುಂದೆ. ಅಂದರೆ ಅಷ್ಟು ದಿನ ಚೀಲದಲ್ಲಿದ್ದ ಮೆಣಸಿನಕಾಯನ್ನು ಮನೆ ಬಾಗಿಲಿಗೆ ಬಂದು ವಾಪಸ್ ಕೇಳುತ್ತಾರೆ. ನಾನು ಕಂಡ ಯಾವ ತರಕಾರಿಯವಳೂ ಹೀಗೆ ಮಾಡಿಲ್ಲ.

ಇದು ಬರೀ ಕಾಗದದ ಮೇಲಿನ ನಿಯಮ ಅಂದುಕೊಳ್ಳಬೇಡಿ. 2011ರ ಮೇ ತಿಂಗಳಲ್ಲಿ ಒಂದು ಚಾಂಪಿಯನ್‌ಶಿಪ್ಪೇ ಇದರ ಮೇಲೆ ತೀರ್ಮಾನವಾಯಿತು. ಕೊನೆಯ ದಿನ ಗೆಂಕ್ ಊರಿನಲ್ಲಿ ಗೆಂಕ್ ಮತ್ತು ಲಿಯೇಜ್‌ನ ಸ್ಟ್ಯಾಂಡರ್ಡ್ ಎದುರುಬದುರಾದವು. ಪಂದ್ಯ 1-1. ಇಬ್ಬರಿಗೂ 51 ಪಾಯಿಂಟ್. ಸ್ಟ್ಯಾಂಡರ್ಡ್‌ನ 51ರಲ್ಲಿ ಅರ್ಧ ಪಾಯಿಂಟ್ ಕೊಸರು. ಕಪ್ ಗೆಂಕ್‌ಗೆ. ಆ ದಿನ ಗೆಂಕ್‌ನ ಗೋಲ್‌ಕೀಪರ್ ಆಗಿದ್ದ ಹದಿಹರೆಯದ ಹುಡುಗನ ಹೆಸರು ತಿಬೋ ಕೋರ್ಟುವಾ. ಮುಂದೆ ಅವನು ರಿಯಲ್ ಮ್ಯಾಡ್ರಿಡ್ ಸೇರಿ ಏನೇನೋ ಗೆದ್ದ. ಅರ್ಧ ಪಾಯಿಂಟ್‌ನಲ್ಲಿ ಗೆದ್ದಿದ್ದು ಮಾತ್ರ ಅದೊಂದೇ ಇರಬೇಕು.

ಆದರೆ ಗೆಂಕ್‌ಗೆ ಅನ್ಯಾಯದಿಂದ ಕಪ್ ಸಿಕ್ಕಿತು ಅಂತ ಬೈಯೋಕೂ ಆಗಲ್ಲ. ಅದೇ ಮಜಾ. 30 ಪಂದ್ಯ ಮುಗಿದಾಗ ಗೆಂಕ್ 64, ಸ್ಟ್ಯಾಂಡರ್ಡ್ 49. ಸ್ಟ್ಯಾಂಡರ್ಡ್ ಆರನೇ ಸ್ಥಾನದಲ್ಲಿ, ಬಾಗಿಲಲ್ಲಿ ಒಂದು ಕಾಲಿಟ್ಟು ನಿಂತಿತ್ತು. 15 ಪಾಯಿಂಟ್ ಹಿಂದಿದ್ದವನು ಒಂದು ಗೋಲು ಹೆಚ್ಚು ಹೊಡೆದಿದ್ದರೆ ಚಾಂಪಿಯನ್. ಮೊದಲು ಒಂದು ತಪ್ಪು ಮಾಡಿ, ಆಮೇಲೆ ಇನ್ನೊಂದು ತಪ್ಪಿನಿಂದ ಅದನ್ನು ಸರಿಮಾಡಿದರು. ಇಂಥ ಕೆಲಸ ಎಲ್ಲರ ಕೈಲೂ ಆಗಲ್ಲ.

ಆಗ ಬೆಲ್ಜಿಯಂನಲ್ಲಿ ಸರ್ಕಾರವೇ ಇರಲಿಲ್ಲ ಅನ್ನೋದು ನೆನಪಿದೆಯಾ? 2010ರ ಜೂನ್‌ನಲ್ಲಿ ಚುನಾವಣೆ ಆಯಿತು, ಪ್ರಮಾಣವಚನ 2011ರ ಡಿಸೆಂಬರ್‌ನಲ್ಲಿ. ನಡುವೆ 541 ದಿನ ಉಸ್ತುವಾರಿಯವರದೇ ಆಡಳಿತ. ದೇಶ ನಡೆಸೋಕೆ ಮಂತ್ರಿಮಂಡಲ ಇಲ್ಲ, ಆದರೆ ಅರ್ಧ ಪಾಯಿಂಟ್ ಯಾರದು ಅನ್ನೋಕೆ ಚಾಚೂ ತಪ್ಪದ ಕಾನೂನು ಇತ್ತು. ಅಲ್ಲಿನ ಬದುಕೇ ಹಾಗೆ. ಡಚ್ ಮಾತಾಡುವವರಿಗೂ ಸಮಾಧಾನ ಆಗಬೇಕು, ಫ್ರೆಂಚ್ ಮಾತಾಡುವವರಿಗೂ ಆಗಬೇಕು. ನೀವು ಮಾನ್ಸ್ ಅನ್ನುವ ಊರಿಗೆ ಹೊರಟಿರುತ್ತೀರಿ. ಡಚ್ ಭಾಷೆಯ ಬೋರ್ಡಿನಲ್ಲಿ ಅದು ಬೆರ್ಗೆನ್. ಲಿಯೇಜ್ ಇದ್ದಕ್ಕಿದ್ದ ಹಾಗೆ ಲ್ಯೂಕ್. ಆಂಟ್ವರ್ಪ್ ದಾರಿಯಲ್ಲಿ ಎಲ್ಲೋ ಆಂವೇರ್ ಆಗಿರುತ್ತದೆ. ಹೊಸಬರು ಊರು ದಾಟಿ ಹೋದ ಮೇಲೆ ಇಳಿಯಬೇಕಿತ್ತು ಅಂತ ತಿಳಿದುಕೊಳ್ಳುತ್ತಾರೆ. ಎಲ್ಲದರಲ್ಲೂ ನಡುವಿನ ದಾರಿ ಹುಡುಕಿ ಹುಡುಕಿ ರೂಢಿಯಾದ ದೇಶ ಪಾಯಿಂಟ್‌ಗಳನ್ನೂ ನಡುವೆಯೇ ಕತ್ತರಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಇರಲಿ, ಎಲ್ಲಿಗೋ ಹೋದೆ. ನನ್ನ ಹೊಟ್ಟೆಯುರಿ ಇರೋದು 2023-24ರ ಸೀಸನ್ ಬಗ್ಗೆ.

ಬ್ರಸೆಲ್ಸ್‌ನಲ್ಲಿ ಯೂನಿಯನ್ ಸೇಂಟ್ ಜಿಲ್ವಾಸ್ ಅಂತ ಒಂದು ತಂಡ. ಪಾರ್ಕ್ ಒಳಗೆ ಮರಗಳಿಗೆ ಒರಗಿಕೊಂಡಂಥ ಹಳೇ ಸ್ಟೇಡಿಯಂ, ಎದುರಿನ ಗೋಡೆಯಲ್ಲಿ ಹಳೇ ಕಾಲದ ಕೆತ್ತನೆ. 9 ಸಾವಿರದಷ್ಟು ಜನ ಹಿಡಿಸಬಹುದು. ಒಂದು ಕಾಲದಲ್ಲಿ ಲೀಗ್ ಅಂದರೆ ಇವರೇ, 1930ರ ದಶಕದಲ್ಲಿ ಸತತ 60 ಪಂದ್ಯ ಸೋಲದೆ ಆಡಿದವರು. 1973ರಲ್ಲಿ ಕೆಳಗಿನ ಡಿವಿಜನ್‌ಗೆ ಬಿದ್ದವರು ಮೇಲೆ ಬಂದಿದ್ದು 48 ವರ್ಷ ಆದ ಮೇಲೆ, 2021ರಲ್ಲಿ. ಬಂದ ಮೊದಲ ವರ್ಷವೇ ಎಲ್ಲರಿಗಿಂತ ಮೇಲೆ, 77 ಪಾಯಿಂಟ್. ಅರ್ಧ ಮಾಡಿದರು. ಕಪ್ ಎರಡನೇ ಸ್ಥಾನದಲ್ಲಿದ್ದ ಕ್ಲಬ್ ಬ್ರೂಗ್‌ಗೆ ಹೋಯಿತು.

2023-24ರಲ್ಲಿ ಮತ್ತೆ ಯೂನಿಯನ್ ಮುಂದೆ. 30 ಪಂದ್ಯದಲ್ಲಿ 2 ಮಾತ್ರ ಸೋಲು, 70 ಪಾಯಿಂಟ್. ಬ್ರೂಗ್‌ಗೆ 51. ಅಂತರ 19. ಬ್ರೂಗ್‌ನವರು ತಮ್ಮ ಕೋಚ್‌ನನ್ನೇ ಮಾರ್ಚ್‌ನಲ್ಲಿ ಮನೆಗೆ ಕಳಿಸಿದ್ದರು. ನಮ್ಮ ಸೀಸನ್ ಕೆಟ್ಟುಹೋಯಿತು ಅಂತ ಕ್ಲಬ್ಬೇ ಒಪ್ಪಿಕೊಂಡ ಹಾಗಾಯಿತು. ಲೀಗು ಒಪ್ಪಲಿಲ್ಲ. ನಿರಾಶರಾಗಬೇಡಿ ಅಂತ ಕತ್ತರಿ ಹಿಡಿದು ಬಂತು. 70 ಹೋಗಿ 35, 51 ಹೋಗಿ 26. ಬ್ರೂಗ್‌ಗೆ ಕೊಸರೂ ಸಿಕ್ಕಿತು, ಗಮನಿಸಿ. 19ರ ಅಂತರ ಒಂದು ರಾತ್ರಿಯಲ್ಲಿ 9 ಆಯಿತು. ಕೊನೆಯ 10 ಪಂದ್ಯದಲ್ಲಿ ಬ್ರೂಗ್ ಒಂದೂ ಸೋಲಲಿಲ್ಲ, ಒಪ್ಪಿಕೊಳ್ಳೋಣ, ಚೆನ್ನಾಗಿ ಆಡಿದರು. ಲೆಕ್ಕ ಮುಗಿದಾಗ ಬ್ರೂಗ್ 50, ಯೂನಿಯನ್ 49.

ಈಗ ಕತ್ತರಿ ಪಕ್ಕಕ್ಕಿಟ್ಟು ಬೆರಳಲ್ಲಿ ಎಣಿಸಿ. 40 ಪಂದ್ಯದಲ್ಲಿ ಯೂನಿಯನ್ ಸಂಪಾದಿಸಿದ್ದು 84. ಬ್ರೂಗ್ ಸಂಪಾದಿಸಿದ್ದು 75. ಚಾಂಪಿಯನ್ ಬ್ರೂಗ್.

ಇದೆಲ್ಲ ಯಾಕೆ ಅಂದರೆ ರೋಚಕತೆಗಂತೆ. ಕೊನೆಯವರೆಗೂ ಕುತೂಹಲ ಇರಬೇಕಂತೆ. ಆ ಕುತೂಹಲದ ಕೊನೆಯ ದಿನ ಬ್ರೂಗ್ ಹೇಗೆ ಕಪ್ ಗೆದ್ದಿತು ಹೇಳಿ? 0-0. ಅದೂ ಒಂದೇ ಸ್ಟೇಡಿಯಂ ಹಂಚಿಕೊಂಡಿರುವ ಪಕ್ಕದ ಮನೆ ಸೆರ್ಕಲ್ ಬ್ರೂಗ್ ಜೊತೆ. ಒಂದು ಗೋಲೂ ಇಲ್ಲ! ಎಂಟು ತಿಂಗಳ ದುಡಿಮೆಯನ್ನು ಎರಡಾಗಿ ಸೀಳಿ ಕೊನೆಗೆ ಹೊರತೆಗೆದ ರೋಚಕತೆ ಇದು.

ಸುಳ್ಳು ಹೇಳಲ್ಲ, 2022-23ರ ಸೀಸನ್‌ನ ಕೊನೆಯ ದಿನ ನಾನೂ ಸೋಫಾ ಮೇಲೆ ಎದ್ದು ನಿಂತಿದ್ದೆ. ಮೂರು ತಂಡಗಳಿಗೆ ಅವಕಾಶ ಇತ್ತು. ಕಪ್ ಯೂನಿಯನ್ ಕೈಯಲ್ಲಿತ್ತು, ಕೊನೆಯ ನಿಮಿಷಗಳಲ್ಲಿ ಮೂರು ಗೋಲು ಬಿಟ್ಟುಕೊಟ್ಟರು. ಕಪ್ ಗೆಂಕ್‌ಗೆ ಹೋಯಿತು. ಗೆಂಕ್‌ನವರು ಅಪ್ಪಿಕೊಂಡು ಮುಗಿಸಿರಲಿಲ್ಲ, ಹೆಚ್ಚುವರಿ ಸಮಯದ ನಾಲ್ಕನೇ ನಿಮಿಷಕ್ಕೆ ಅವರ ಎದುರೇ ಆಡುತ್ತಿದ್ದ ಆಂಟ್ವರ್ಪ್‌ನ ಟೋಬಿ ಆಲ್ಡರ್‌ವೈರೆಲ್ಡ್ ದೂರದಿಂದ ಬೀಸಿದ ಚೆಂಡು ಗೋಲಿನ ಮೇಲಿನ ಮೂಲೆ ಸೇರಿತು. 1957ರ ನಂತರ ಆಂಟ್ವರ್ಪ್‌ಗೆ ಮೊದಲ ಲೀಗ್ ಕಪ್, ಹೊಡೆದವನು ಅದೇ ಊರಿನ ಹುಡುಗ. ಅಂಥ ಸಂಜೆ ಯಾರಿಗೆ ಬೇಡ? ಅದೊಂದು ಸಂಜೆ ತೋರಿಸಿ ಲೀಗಿನವರು ಉಳಿದ ವರ್ಷಗಳನ್ನೆಲ್ಲ ನಮಗೆ ಮಾರಿದರು.

ತಳದಲ್ಲಿದ್ದ ನಾಲ್ಕು ತಂಡಗಳಿಗೂ ಆಮೇಲೆ ಬೇರೆ ಪ್ಲೇಆಫ್ ಇಟ್ಟರು. ಅವರ ಪಾಯಿಂಟ್ ಮಾತ್ರ ಅರ್ಧ ಮಾಡಲ್ಲ. ಇರೋದೇ ಇಪ್ಪತ್ತು ಚಿಲ್ಲರೆ, ಪಾಪ, ಅದರಲ್ಲೇನು ಕತ್ತರಿಸೋದು.

ಕೊರೊನಾ ಬಂದ 2020ರಲ್ಲಿ ಪ್ಲೇಆಫ್ ನಡೆಸೋಕೆ ಆಗಲಿಲ್ಲ. ಬ್ರೂಗ್ 15 ಪಾಯಿಂಟ್ ಮುಂದಿತ್ತು, ಅದನ್ನೇ ಚಾಂಪಿಯನ್ ಅಂದರು. ಇಷ್ಟು ಸರಳವಾದ ಕೆಲಸ ಮಾಡಿಸೋಕೆ ಒಂದು ವೈರಸ್ ಬರಬೇಕಾಯಿತು.

ನಿಜ ಹೇಳಬೇಕಂದರೆ ಈಗ ನಗು ಬರೋದೂ ಕಮ್ಮಿಯಾಗಿದೆ. ಅರ್ಧ ಮಾಡಿದ್ದು ಆಟಕ್ಕಾಗಿ ಅಲ್ಲ. ದೊಡ್ಡ ಕ್ಲಬ್‌ಗಳು ವರ್ಷಕ್ಕೆ ಎರಡರ ಬದಲು ನಾಲ್ಕು ಸಲ ಎದುರಾದರೆ ಟಿವಿಯವರಿಗೆ ಮಾರೋಕೆ ಸುಲಭ, ಅಷ್ಟೇ. ಜನವರಿಯ ರಾತ್ರಿ ಮಳೆಯಲ್ಲಿ ನಿಂತು ತಂಡದ ಒಂದು ಗೆಲುವು ನೋಡಿದವನಿಗೆ, ನೀನು ನೋಡಿದ್ದು ಒಂದೂವರೆ ಪಾಯಿಂಟ್‌ನ ಗೆಲುವು ಅಂತ ಮಾರ್ಚ್‌ನಲ್ಲಿ ಹೇಳುತ್ತಾರೆ. ಟಿಕೆಟ್ ದುಡ್ಡಲ್ಲಿ ಅರ್ಧ ವಾಪಸ್ ಕೊಟ್ಟರಾ? ಇಲ್ಲ.

ಬ್ರಸೆಲ್ಸ್‌ನಲ್ಲಿ ನನ್ನ ಸ್ನೇಹಿತನೊಬ್ಬ ಇದ್ದಾನೆ, ಪುತ್ತೂರಿನ ಕಡೆಯವನು, ಯೂನಿಯನ್ ಭಕ್ತ. 2024ರ ಮೇ ತಿಂಗಳಲ್ಲಿ ದಿನಕ್ಕೆ ನಾಲ್ಕು ಸಲ ಬರೀ '84, 75' ಅಂತ ಮೆಸೇಜ್ ಕಳಿಸುತ್ತಿದ್ದ. ಬೇರೆ ಮಾತೇ ಇಲ್ಲ. ಮುಂದಿನ ವರ್ಷ ಯೂನಿಯನ್ ಮೂರನೇ ಸ್ಥಾನದಲ್ಲಿತ್ತು, ಮೊದಲನೇ ಗೆಂಕ್‌ಗಿಂತ 13 ಪಾಯಿಂಟ್ ಹಿಂದೆ. ಕತ್ತರಿ ಬಂತು, 13 ಹೋಗಿ 6 ಆಯಿತು. 10 ಪಂದ್ಯದಲ್ಲಿ ಒಂದೂ ಸೋಲದೆ ಯೂನಿಯನ್ ಚಾಂಪಿಯನ್ ಆಯಿತು, 1935ರ ನಂತರ ಮೊದಲ ಸಲ. ಅಷ್ಟು ದಿನ ಮೇಲಿದ್ದ ಗೆಂಕ್ ಮೂರನೆಯದು.

ಅವತ್ತು ರಾತ್ರಿ ಫೋನ್ ಮಾಡಿದೆ. ಹಿಂದೆ ಒಂದೇ ಗಲಾಟೆ, ಪಟಾಕಿ, ಹಾಡು. ಕಿರುಚಿಯೇ ಮಾತಾಡಬೇಕಾಯಿತು.

"ಆ ಅರ್ಧ ಮಾಡೋ ನಿಯಮ ಅನ್ಯಾಯ ಅಂತಿದ್ದೆಯಲ್ಲ?"

"ಅದನ್ನು ಈಗ ಯಾಕೆ ಎತ್ತುವುದು ಮಾರಾಯ?" ಅಂದು ಫೋನ್ ಇಟ್ಟ.