ಪ್ರಾರ್ಥನೆಯನ್ನು ಬದಿಗಿಡಬೇಡಿ

ಪ್ರಾರ್ಥನೆ ಮತ್ತು ಸೇವೆಯ ಬಗ್ಗೆ ಒಂದು ಲೇಖನ ಓದಿದೆ. ಅದರಲ್ಲಿ ‘ಬರೀ ಪ್ರಾರ್ಥನೆ ಸಾಲದು’ ಎಂದು ಲೇಖಕರು ಬರೆದದ್ದು ನೂರಕ್ಕೆ ನೂರು ಸರಿ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವೂ ಹೇಳುತ್ತದೆ. ಆದರೆ ‘ಸೇವೆ ಮಾಡಿದರೆ ಸಾಕು, ಅದೇ ಪ್ರಾರ್ಥನೆ’ ಎಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ ನೋಡಿ. ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು, ಯೇಸು ಎಷ್ಟೋ ರೋಗಿಗಳನ್ನು ವಾಸಿಮಾಡಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಒಬ್ಬರೇ ಹೋಗಿ ಪ್ರಾರ್ಥಿಸಿದರು. ಎಲ್ಲರೂ ಹುಡುಕುತ್ತಿದ್ದಾರೆ ಎಂದು ಶಿಷ್ಯ ಸೀಮೋನ ಬಂದು ಹೇಳಿದರೂ ಅಲ್ಲಿಗೆ ವಾಪಸ್ಸಾಗದೆ ಪಕ್ಕದ ಊರುಗಳಿಗೆ ಹೊರಟರು. ಸೇವೆಗೆ ದಾರಿ ಪ್ರಾರ್ಥನೆಯಲ್ಲೇ ಸಿಕ್ಕಿತು ಅಂತ ನನಗೆ ಅನ್ನಿಸುತ್ತದೆ.

ನಮ್ಮ ಸಭೆಯವರು ಹಾಸಿಗೆ ಹಿಡಿದವರನ್ನು ನೋಡಲು ಹೋಗುವ ಮುಂಚೆ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಆಗಲೇ ಯಾರಿಗೋ ‘ಆ ಅಜ್ಜಿಯ ಮಾತ್ರೆ ಮುಗಿದಿರಬೇಕು, ಅಲ್ವಾ?’ ಅಂತ ನೆನಪಾಗುತ್ತದೆ. ಸುಮ್ನೆ ಗಡಿಬಿಡಿಯಲ್ಲಿ ಹೊರಟ ದಿನ ಇಂಥದ್ದೇ ಜಾಸ್ತಿ ಮರೆತುಹೋಗುತ್ತದೆ.